ಓದಿದ್ದನ್ನು ಎಲ್ಲಿ ಬರೆದಿಡೋಣ? ಪತ್ತೇದಾರಿ, ಥ್ರಿಲ್ಲರ್, ಹಾರರ್ ಓದುಗರಿಗೊಂದು ಹೋಲಿಕೆ

ಅಮ್ಮ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ತರುತ್ತಿದ್ದ ಕಾಲ ಅದು. ಓದಿ ಮುಗಿಸಿದ ಪುಸ್ತಕದ 19ನೇ ಪುಟ ತೆಗೆದು, ಪುಟಸಂಖ್ಯೆಯ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಚುಕ್ಕೆ ಇಡುತ್ತಿದ್ದಳು. ಮುಂದಿನ ಸಲ ಲೈಬ್ರರಿಗೆ ಹೋದಾಗ ಯಾವ ಪುಸ್ತಕ ಕೈಗೆ ಬಂದರೂ ಮೊದಲು 19ನೇ ಪುಟ ನೋಡುವುದು. ಚುಕ್ಕೆ ಇದ್ದರೆ ವಾಪಸ್ ಕಪಾಟಿಗೆ. ಇಲ್ಲದಿದ್ದರೆ ಚೀಲಕ್ಕೆ. ಓದಿದ್ದರ ಲೆಕ್ಕ ಇಡುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ.

ಆ ಚುಕ್ಕೆ ಒಂದೇ ಮಾತು ಹೇಳುತ್ತಿತ್ತು: ಇದು ಓದಿ ಆಗಿದೆ. ಹೇಗಿತ್ತು, ಯಾವಾಗ ಓದಿದ್ದು, ಕೊಲೆಗಾರ ಯಾರೆಂದು ಮೊದಲೇ ಅಂದಾಜಾಗಿತ್ತಾ, ಇದ್ಯಾವುದೂ ಅದರಲ್ಲಿ ಇರುತ್ತಿರಲಿಲ್ಲ. ಅದೇ ಕಾದಂಬರಿ ಹೊಸ ಮುಖಪುಟ ಹಾಕಿಕೊಂಡು ಮರುಮುದ್ರಣವಾಗಿ ಬಂದರಂತೂ ಚುಕ್ಕೆಯೂ ಇಲ್ಲ. ಮೂವತ್ತು ಪುಟ ಓದಿದ ಮೇಲೆ ಅಮ್ಮ "ಅಯ್ಯೋ, ಇದು ಓದಿದ್ದೇ ಕಣೇ" ಎಂದು ಪುಸ್ತಕ ಕೆಳಗಿಡುತ್ತಿದ್ದಳು.

ಡಿಸೆಂಬರ್ ಕೊನೆಗೆ ಬಂತೆಂದರೆ ನನ್ನ ಓದುವ ಗೆಳೆಯರಲ್ಲಿ ಯಾರಾದರೂ ಕೇಳುತ್ತಾರೆ: "ಈ ವರ್ಷ ಓದಿದ್ದನ್ನೆಲ್ಲ ಬರೆದಿಡೋಣ ಅಂತಿದ್ದೀನಿ. ನೋಟ್‌ಬುಕ್ ತಗೊಳ್ಳಲಾ, ಗುಡ್‌ರೀಡ್ಸ್‌ನಲ್ಲಿ ಹಾಕಲಾ, ಎಕ್ಸೆಲ್ ಮಾಡಲಾ?" (ಗುಡ್‌ರೀಡ್ಸ್ ಅಂದರೆ ಓದಿದ ಪುಸ್ತಕಗಳ ಲೆಕ್ಕ ಇಡುವ ಒಂದು ಜಾಲತಾಣ.) ಕೆಲವರು ಮೂರನ್ನೂ ಶುರು ಮಾಡಿ ಫೆಬ್ರವರಿಗೆ ಮೂರನ್ನೂ ಬಿಟ್ಟಿದ್ದಾರೆ. ನಾನು ಇವನ್ನೆಲ್ಲ ಒಂದೊಂದು ವರ್ಷ ಬಳಸಿ ನೋಡಿದ್ದೇನೆ. ನಾನು ಹೆಚ್ಚಾಗಿ ಓದುವುದು ಪತ್ತೇದಾರಿ, ಥ್ರಿಲ್ಲರ್, ಹಾರರ್, ವೈಜ್ಞಾನಿಕ ಕಾದಂಬರಿ. ಇಂಥ ಓದಿಗೆ ಯಾವುದು ಹೊಂದುತ್ತದೆ ಎನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಇಂಥ ಓದು ಅಂತ ಬೇರೆ ಮಾಡಿ ಹೇಳುವುದಕ್ಕೆ ಕಾರಣ ಇದೆ. ದೊಡ್ಡ ಸಾಮಾಜಿಕ ಕಾದಂಬರಿ ಒಂದನ್ನು ತಿಂಗಳುಗಟ್ಟಲೆ ಓದಿದರೆ ಅದು ತಾನೇ ಮನಸ್ಸಿನಲ್ಲಿ ಕೂರುತ್ತದೆ. ಪತ್ತೇದಾರಿ ಹಾಗಲ್ಲ. 150 ಪುಟ, ಒಂದು ಸಂಜೆ. ವರ್ಷಕ್ಕೆ ನಲವತ್ತು ಐವತ್ತು ಆಗಿಬಿಡುತ್ತವೆ. ಪಾಳು ಬಂಗಲೆ, ಕಾಣೆಯಾದ ಉಯಿಲು, ರಾತ್ರಿ ರೈಲಿನಲ್ಲಿ ಸಿಕ್ಕ ಅಪರಿಚಿತ, ಎಲ್ಲವೂ ಒಂದರೊಳಗೊಂದು ಕಲಸಿಹೋಗುತ್ತವೆ. ಮೂರು ತಿಂಗಳಾದ ಮೇಲೆ ಯಾವ ಉಯಿಲು ಯಾವ ಬಂಗಲೆಯದು ಅಂತ ಹೇಳುವುದು ಕಷ್ಟ, ಅಲ್ವಾ?

ಮೊದಲು, ಏನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮುಖ್ಯ, ಎರಡು ನಿಮಿಷದಲ್ಲಿ ಬರೆದು ಮುಗಿಸಲು ಆಗಬೇಕು. ಥ್ರಿಲ್ಲರ್ ಮುಗಿಯುವುದು ರಾತ್ರಿ ಹನ್ನೆರಡಕ್ಕೆ. ಆಗ ಲ್ಯಾಪ್‌ಟಾಪ್ ತೆಗೆಯಬೇಕು, ಪಾಸ್‌ವರ್ಡ್ ಹಾಕಬೇಕು ಅಂದರೆ "ನಾಳೆ ಬರೆದರಾಯ್ತು" ಅನ್ನಿಸುತ್ತದೆ. ನಾಳೆ ಇನ್ನೊಂದು ಪುಸ್ತಕ ಶುರುವಾಗಿರುತ್ತದೆ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟಿದ್ದರು. ಅದರಲ್ಲಿ ನಾಲ್ಕನೆಯದು "ಓದುಗರ ಸಮಯ ಉಳಿಸಿ". ಮನೆಯಲ್ಲಿ ಇಡುವ ಪಟ್ಟಿಗೂ ನಾನು ಇದನ್ನೇ ಮೊದಲ ಸೂತ್ರ ಮಾಡಿಕೊಂಡಿದ್ದೇನೆ.

ಎರಡನೆಯದು, ಓದುತ್ತಿರುವಾಗಲೇ ಮಧ್ಯದಲ್ಲಿ ಬರೆಯಲು ಬರಬೇಕು. ಇದನ್ನು ಬಹಳ ಜನ ಯೋಚಿಸುವುದಿಲ್ಲ. ಪತ್ತೇದಾರಿಯಲ್ಲಿ ಬರೆದಿಡಬೇಕಾದ ದೊಡ್ಡ ವಿಷಯ ನಿಮ್ಮ ಊಹೆ. ಕೊನೆಯ ಪುಟ ಓದಿದ ಮೇಲೆ ಆ ಊಹೆ ಸತ್ತುಹೋಗುತ್ತದೆ. "ನನಗೆ ಮೊದಲೇ ಅನುಮಾನ ಇತ್ತು" ಎಂದು ಮನಸ್ಸು ಹೇಳತೊಡಗುತ್ತದೆ, ನಾವೂ ನಂಬಿಬಿಡುತ್ತೇವೆ. ಕಥೆಯ ಸಾರಾಂಶವಾದರೆ ಹಿಂಬದಿಯ ರಕ್ಷಾಪುಟದಲ್ಲಿ ಸಿಗುತ್ತದೆ. ನಿಮ್ಮ ಊಹೆ ಇನ್ನೆಲ್ಲೂ ಸಿಗುವುದಿಲ್ಲ.

ಮೂರನೆಯದು, ಕನ್ನಡ ಪುಸ್ತಕಕ್ಕೆ ಅದರಲ್ಲಿ ಜಾಗ ಇದೆಯಾ? ಪುಸ್ತಕವನ್ನು ಗುರುತಿಸಲು ಕೊಡುವ ಐಎಸ್‌ಬಿಎನ್ ಸಂಖ್ಯೆ ಬಂದದ್ದೇ 1970ರ ಹೊತ್ತಿಗೆ. ಐವತ್ತು ಅರವತ್ತರ ದಶಕದ ಪತ್ತೇದಾರಿ ಕಾದಂಬರಿಗಳ ಮೂಲ ಪ್ರತಿಯಲ್ಲಿ ಅದು ಇರುವುದಿಲ್ಲ. ಆ ಸಂಖ್ಯೆಯ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಪುಸ್ತಕ ಸೇರಿಸುವ ಆ್ಯಪ್‌ಗಳು ಅಲ್ಲಿ ಕೈಕೊಡುತ್ತವೆ.

ನಾಲ್ಕನೆಯದು, ಹುಡುಕಿದರೆ ತಕ್ಷಣ ಸಿಗಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿ ಮುಂದೆ ನಿಂತು "ಇದು ಓದಿದ್ದೀನಾ?" ಅಂತ ಕೇಳಿಕೊಂಡಾಗ ಅರ್ಧ ನಿಮಿಷದಲ್ಲಿ ಉತ್ತರ ಬೇಕು.

ಇನ್ನು ಗುಟ್ಟು ಉಳಿಯಬೇಕು. ಮನೆಯಲ್ಲಿ ಇಬ್ಬರು ಓದುವವರಿದ್ದರೆ ನಿಮ್ಮ ಟಿಪ್ಪಣಿಯೇ ಇನ್ನೊಬ್ಬರ ಕಥೆ ಕೆಡಿಸಬಹುದು. ಕೊನೆಯದಾಗಿ ಬಾಳಿಕೆ. ಹಿಂದೊಮ್ಮೆ ನಾನು ಎರಡು ವರ್ಷದ ಟಿಪ್ಪಣಿಗಳನ್ನು ಫೋನಿನ ಒಂದು ನೋಟ್ಸ್ ಆ್ಯಪ್‌ನಲ್ಲಿ ಇಟ್ಟಿದ್ದೆ. ಫೋನ್ ಬಕೆಟ್ ನೀರಿಗೆ ಬಿತ್ತು. ಬ್ಯಾಕಪ್ ಆನ್ ಆಗಿರಲಿಲ್ಲ. ಎಂಬತ್ತಕ್ಕೂ ಹೆಚ್ಚು ಪುಸ್ತಕಗಳ ಮಾತು ಒಂದೇ ಬೆಳಗ್ಗೆ ಹೋಯಿತು. ಇವತ್ತಿಗೂ ಅದು ನೆನಪಾದರೆ ಬೇಜಾರಾಗುತ್ತದೆ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ಇಲ್ಲಿ ಹೇಳುವ ಯಾವುದಕ್ಕೂ ದೊಡ್ಡ ದುಡ್ಡು ಬೇಕಿಲ್ಲ. ಹೆಚ್ಚಿನವು ಪುಕ್ಕಟೆ. ಹಾಗಾಗಿ ದುಡ್ಡು ನೋಡಿ ಆರಿಸಬೇಡಿ.

ನೋಟ್‌ಬುಕ್

200 ಪುಟದ ಲಾಂಗ್ ನೋಟ್‌ಬುಕ್ ನೂರು ರೂಪಾಯಿ ಒಳಗೇ ಸಿಗುತ್ತದೆ. ಹೊಸ ವರ್ಷಕ್ಕೆ ಬ್ಯಾಂಕು, ಅಂಗಡಿಯವರು ಕೊಡುವ ಡೈರಿಯೂ ಮನೆಯಲ್ಲಿ ಇರಬಹುದು. ಆದರೆ ತಾರೀಕು ಅಚ್ಚು ಮಾಡಿರುವ ಡೈರಿ ಬೇಡ ಅನ್ನುವುದು ನನ್ನ ಸಲಹೆ. ಒಂದು ವಾರ ಮೂರು ಪುಸ್ತಕ ಮುಗಿಯುತ್ತದೆ, ಆಮೇಲೆ ಮದುವೆ, ಊರು, ಪರೀಕ್ಷೆ ಅಂತ ಇಪ್ಪತ್ತು ದಿನ ಒಂದೂ ಇಲ್ಲ. ಖಾಲಿ ಪುಟಗಳನ್ನು ತಿರುಗಿಸುತ್ತಾ ಹೋದರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸಿ, ಬರೆಯುವುದೇ ನಿಂತುಹೋಗುತ್ತದೆ. ಗೆರೆ ಹಾಕಿದ ಸಾದಾ ನೋಟ್‌ಬುಕ್ಕೇ ವಾಸಿ. ಪುಸ್ತಕಕ್ಕೆ ಒಂದು ಪುಟ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ. ಕಥೆಯ ಹೆಸರು ಬಿಟ್ಟಿದ್ದೇನೆ, ನಿಮಗೆ ಯಾವತ್ತಾದರೂ ಅದು ಸಿಗಬಹುದು.

"ಮಾರ್ಚ್ 9, ಭಾನುವಾರ. ಪತ್ತೇದಾರಿ. 168 ಪುಟ. ಹಳೇ ಪುಸ್ತಕದ ಅಂಗಡಿ, 40 ರೂ. 96ನೇ ಪುಟದಲ್ಲಿ ನಿಲ್ಲಿಸಿದ್ದೇನೆ. ಊಹೆ: ಎಸ್ಟೇಟಿನ ರೈಟರು. ಕಾರಣ: ಅಷ್ಟು ಮಳೆ ಬಂದ ರಾತ್ರಿ ಅವನ ಕೊಡೆ ಒಣಗಿತ್ತು. ಮುಗಿದ ಮೇಲೆ: ತಪ್ಪು. ಕೊಡೆ ಒಣಗಿದ್ದಕ್ಕೆ ಬೇರೆ ಕಾರಣ ಇತ್ತು. ಸುಳಿವು 41ನೇ ಪುಟದಲ್ಲೇ ಇದೆ, ಬೇಗ ಬೇಗ ಓದಿಬಿಟ್ಟೆ. ಮತ್ತೆ ಓದಬಹುದಾ: ಹೌದು, 41ನೇ ಪುಟಕ್ಕೋಸ್ಕರ."

ಇಷ್ಟೇ. ಆದರೆ ಈ ಏಳೆಂಟು ಸಾಲು ಓದಿದರೆ ಆ ಮಳೆ, ಆ ಕೊಡೆ, ನಾನು ಕೂತಿದ್ದ ಜಗಲಿ ಎಲ್ಲ ವಾಪಸ್ ಬರುತ್ತದೆ. ಮೂರನೇ ಎರಡು ಭಾಗ ಓದಿದಾಗ ಪೆನ್ಸಿಲ್ ತೆಗೆದು ಊಹೆ ಬರೆಯುವ ಅಭ್ಯಾಸ ಒಂದನ್ನು ಮಾಡಿಕೊಳ್ಳಿ. ವರ್ಷದ ಕೊನೆಗೆ ಎಷ್ಟು ಸರಿ, ಎಷ್ಟು ತಪ್ಪು ಎಣಿಸಿ. ಯಾವ ಲೇಖಕರು ನಿಮ್ಮನ್ನು ಪ್ರತಿ ಸಲ ದಾರಿ ತಪ್ಪಿಸುತ್ತಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಬೇರೆ ಬಗೆಯ ಕಾದಂಬರಿಗೆ ಬೇರೆ ಪ್ರಶ್ನೆ. ಹಾರರ್ ಆದರೆ, ಎಷ್ಟನೇ ಪುಟದಲ್ಲಿ ಎದ್ದು ಲೈಟ್ ಹಾಕಿದೆ? ಗಂಟೆ ಎಷ್ಟಾಗಿತ್ತು? ವೈಜ್ಞಾನಿಕ ಕಾದಂಬರಿಯಾದರೆ, "ಹೀಗಾದರೆ ಏನು?" ಎಂಬ ಅದರ ಮೂಲ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಒಂದು ಸಾಲಿನಲ್ಲಿ ಹೇಳಲು ಬರದಿದ್ದರೆ ಅದೂ ಒಂದು ಟಿಪ್ಪಣಿಯೇ. ಇತಿಹಾಸ, ಶಾಸನ, ನಿಧಿ ಇಟ್ಟುಕೊಂಡು ಬರೆದ ಥ್ರಿಲ್ಲರ್ ಆದರೆ "ನಿಜವಾ ನೋಡಬೇಕು" ಎಂದು ಒಂದು ಸಾಲು ಬಿಡಿ. ಅದರಲ್ಲಿ ಬರುವ ದೇವಸ್ಥಾನ, ಶಾಸನ ನಿಜಕ್ಕೂ ಇದೆಯಾ ಅಂತ ಆಮೇಲೆ ಹುಡುಕಬಹುದು. ಎರಡು ಸಲ ಇಂಥ ಸಾಲು ಹಿಡಿದುಕೊಂಡು ನಾವು ರಜೆಯಲ್ಲಿ ಊರು ಸುತ್ತಿದ್ದೇವೆ. ತೆಲುಗಿನಿಂದ ಬಂದ ಅನುವಾದವಾದರೆ ಮೂಲ ಲೇಖಕರು, ಅನುವಾದಕರು, ಮೂಲ ಹೆಸರು ಮೂರನ್ನೂ ಬರೆಯಿರಿ. ಕನ್ನಡದಲ್ಲಿ ಹೆಸರು ಬದಲಾಗಿರುತ್ತದೆ, ಗೊಂದಲ ಆಗುವುದು ಅಲ್ಲೇ.

ನೋಟ್‌ಬುಕ್ಕಿನ ಕೊರತೆ ಹುಡುಕಾಟ. ನಾಲ್ಕು ವರ್ಷದ ನಾಲ್ಕು ಪುಸ್ತಕ ಹೊತ್ತು ಅವೆನ್ಯೂ ರಸ್ತೆಗೆ ಹೋಗಲು ಆಗುವುದಿಲ್ಲ. ನಾನು ಕೊನೆಯ ಆರು ಪುಟ ಸೂಚಿಗೆ ಬಿಡುತ್ತೇನೆ. ಸ್ವರಕ್ಕೊಂದು ಪುಟ, ಕ-ವರ್ಗಕ್ಕೆ ಒಂದು, ಹೀಗೆ. ಪುಸ್ತಕದ ಹೆಸರು, ಪಕ್ಕದಲ್ಲಿ ಪುಟಸಂಖ್ಯೆ. ತಿಂಗಳಿಗೊಮ್ಮೆ ಆ ಪುಟಗಳ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳುತ್ತೇನೆ. ಅರ್ಧ ನಿಮಿಷದಲ್ಲಿ ಅಲ್ಲದಿದ್ದರೂ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಗುಟ್ಟಿನ ವಿಷಯದಲ್ಲಿ ಅಮ್ಮ ನನಗೆ ಪಾಠ ಕಲಿಸಿದಳು. ನನ್ನ ನೋಟ್‌ಬುಕ್ ತಿರುಗಿಸುತ್ತಾ ಒಂದು ದಿನ "ಹಾಗಾದ್ರೆ ಅವನ ತಮ್ಮನೇ ಮಾಡಿದ್ದಾ?" ಅಂದಳು. ಆ ಕಾದಂಬರಿ ಅವಳ ಕೈಯಲ್ಲಿ ಅರ್ಧ ಓದಿ ಇತ್ತು. ಅವತ್ತಿನಿಂದ ಶಾಲೆಯ ಗಣಿತ ಪುಸ್ತಕದ ಹಾಗೆ ಉತ್ತರವನ್ನೆಲ್ಲ ಹಿಂದಿನ ಪುಟಗಳಿಗೆ ಹಾಕಿದ್ದೇನೆ. ಮುಂದೆ ಊಹೆ ಮಾತ್ರ, ಹಿಂದೆ ಸಂಖ್ಯೆ ಹಾಕಿ ಉತ್ತರ.

ಕಾರ್ಡ್‌ಗಳು

ಹಳೇ ಲೈಬ್ರರಿಗಳ ಮರದ ಡಬ್ಬಿಯಲ್ಲಿ ಇರುತ್ತಿದ್ದವಲ್ಲ, ಆ ಥರದ 3×5 ಇಂಚಿನ ಕಾರ್ಡ್. ಸ್ಟೇಷನರಿ ಅಂಗಡಿಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಪುಸ್ತಕಕ್ಕೆ ಒಂದು ಕಾರ್ಡ್, ಮುಂದೆ ಊಹೆ, ಹಿಂದೆ ಉತ್ತರ. ಗುಟ್ಟು ತಾನೇ ಉಳಿಯುತ್ತದೆ.

ಒಂದೇ ಪತ್ತೇದಾರನ ಹಿಂದೆ ಬೀಳುವವರಿಗೆ ಇದು ಬಹಳ ಚೆನ್ನ. ನೂರಾರು ಕಾದಂಬರಿ ಬರೆದ ಎನ್. ನರಸಿಂಹಯ್ಯ ಅವರ ಪುರುಷೋತ್ತಮನ ಕಥೆಗಳನ್ನು ಸಿಕ್ಕಿದ ಹಾಗೆ ಓದುವವರು ಇವತ್ತೂ ಇದ್ದಾರೆ. ಈ ತಿಂಗಳು ಒಂದು ಸಿಗುತ್ತದೆ, ಆರು ತಿಂಗಳಾದ ಮೇಲೆ ಇನ್ನೊಂದು. ಕಾರ್ಡ್ ಆದರೆ ನಡುವೆ ಎಲ್ಲಿ ಬೇಕಾದರೂ ಸೇರಿಸಬಹುದು, ನೋಟ್‌ಬುಕ್ಕಿನಲ್ಲಿ ಆಗದ ಕೆಲಸ ಅದು. ಆದರೆ ಡಬ್ಬಿ ಮನೆಯಲ್ಲೇ ಇರಬೇಕು. ಬಸ್ಸು, ರೈಲಿನಲ್ಲಿ ಓದುವವರಿಗೆ ಇದು ಆಗಿಬರುವುದಿಲ್ಲ.

ಗೂಗಲ್ ಶೀಟ್ಸ್

ಇದು ಎಕ್ಸೆಲ್ ಥರದ್ದೇ, ಆದರೆ ಇಂಟರ್ನೆಟ್ಟಿನಲ್ಲಿ ಇರುತ್ತದೆ. ಲೆಕ್ಕ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಪುಟ್ಟ ಪಟ್ಟಿ ಸಾಕು: ತಾರೀಕು, ಹೆಸರು, ಲೇಖಕರು, ಬಗೆ, ಪತ್ತೇದಾರ ಅಥವಾ ಸರಣಿ, ಪುಟ, ಎಲ್ಲಿಂದ ತಂದದ್ದು, ಬೆಲೆ, ಊಹೆ, ಸರಿಯೋ ತಪ್ಪೋ, ಅಂಕ. ಇಪ್ಪತ್ತು ಕಾಲಂ ಮಾಡಬೇಡಿ. ನಾನು ಮಾಡಿದ್ದೆ. ಮುಖಪುಟದ ಬಣ್ಣ, ಮುದ್ರಣದ ವರ್ಷ, ಕಥೆ ನಡೆಯುವ ಜಿಲ್ಲೆ ಎಲ್ಲ ಹಾಕಿದೆ. ಏಪ್ರಿಲ್ ಹೊತ್ತಿಗೆ ಖಾಲಿ ಚೌಕಗಳೇ ಜಾಸ್ತಿ ಇದ್ದವು.

ರಾತ್ರಿ ಹನ್ನೆರಡಕ್ಕೆ ಫೋನಿನಲ್ಲಿ ಶೀಟ್ ತೆರೆದು ಸಣ್ಣ ಚೌಕದಲ್ಲಿ ಟೈಪ್ ಮಾಡುವುದು ಹಿಂಸೆ. ಅದಕ್ಕೊಂದು ದಾರಿ ಇದೆ. ಗೂಗಲ್ ಫಾರ್ಮ್ಸ್‌ನಲ್ಲಿ ಇದೇ ಪ್ರಶ್ನೆಗಳ ಒಂದು ಫಾರ್ಮ್ ಮಾಡಿ, ಅದನ್ನು ಶೀಟಿಗೆ ಜೋಡಿಸಿ. ಫಾರ್ಮಿನ ಕೊಂಡಿಯನ್ನು ಫೋನಿನ ಮೊದಲ ಪರದೆಯಲ್ಲೇ ಇಟ್ಟುಕೊಳ್ಳಿ. ಬಗೆ, ಅಂಕ ಇವನ್ನು ಆಯ್ಕೆಪಟ್ಟಿ ಮಾಡಿದರೆ ಒತ್ತಿದರೆ ಸಾಕು. ಊಹೆಯ ಜಾಗದಲ್ಲಿ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ, ಅದು ಬರೆದುಕೊಳ್ಳುತ್ತದೆ. ಹೆಸರುಗಳನ್ನು ಮಾತ್ರ ಒಮ್ಮೆ ನೋಡಿ ಸರಿ ಮಾಡಬೇಕಾಗುತ್ತದೆ. ತಾರೀಕು, ಸಮಯ ತಾನೇ ಶೀಟಿನಲ್ಲಿ ಕೂರುತ್ತದೆ. ಮಧ್ಯದಲ್ಲಿ ಊಹೆಗೆ ಒಂದು ಸಲ, ಮುಗಿದ ಮೇಲೆ ಒಂದು ಸಲ, ಹೀಗೆ ಎರಡು ಸಲ ಫಾರ್ಮ್ ತುಂಬಿ.

ಕನ್ನಡದಲ್ಲಿ ಬರೆಯುವವರು ಎರಡು ವಿಷಯದಲ್ಲಿ ಹುಷಾರಾಗಿರಬೇಕು. ಒಂದು, ಎಲ್ಲ ಫೋನು, ಕಂಪ್ಯೂಟರಿನಲ್ಲೂ ಕನ್ನಡ ಸರಿಯಾಗಿ ಕಾಣಿಸುವ ಯೂನಿಕೋಡ್‌ನಲ್ಲೇ ಬರೆಯಿರಿ. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ನಿಮ್ಮಲ್ಲಿದ್ದರೆ ಅದನ್ನು ಸುಮ್ನೆ ಅಂಟಿಸಬೇಡಿ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬೀಳುತ್ತದೆ. ಇನ್ನೊಂದು, ಇನಿಷಿಯಲ್. "ಟಿ.ಕೆ. ರಾಮರಾವ್" ಎಂದು ಒಮ್ಮೆ, "ಟಿ ಕೆ ರಾಮರಾವ್" ಎಂದು ಒಮ್ಮೆ, "ರಾಮರಾವ್ ಟಿ.ಕೆ." ಎಂದು ಇನ್ನೊಮ್ಮೆ ಬರೆದರೆ ಶೀಟು ಅವರನ್ನು ಮೂರು ಜನ ಮಾಡುತ್ತದೆ. ಒಂದು ಕ್ರಮ ಹಿಡಿದು ಅದನ್ನೇ ಬರೆಯಿರಿ. ಕಾವ್ಯನಾಮದಲ್ಲಿ ಬರೆಯುವವರಿದ್ದರೆ ಪುಸ್ತಕದ ಮೇಲೆ ಇರುವ ಹೆಸರೇ ಇರಲಿ.

ಹುಡುಕಾಟದಲ್ಲಿ ಶೀಟಿಗೆ ಸಾಟಿ ಇಲ್ಲ. ಬಾಳಿಕೆಯೂ ಚೆನ್ನಾಗಿದೆ. ವರ್ಷಕ್ಕೊಮ್ಮೆ ಡೌನ್‌ಲೋಡ್ ಮಾಡಿ ಇನ್ನೊಂದು ಕಡೆ ಇಟ್ಟರೆ ಫೋನ್ ನೀರಿಗೆ ಬಿದ್ದರೂ ಚಿಂತೆ ಇಲ್ಲ. ಆದರೆ ನನ್ನ ಅನುಭವದ ಒಂದು ಮಾತು. ಶೀಟಿನ ವರ್ಷದಲ್ಲಿ ನನ್ನ ಟಿಪ್ಪಣಿಗಳು ಕುಗ್ಗುತ್ತಾ ಹೋದವು. ಜನವರಿಯಲ್ಲಿ ಎರಡು ಸಾಲು ಇತ್ತು. ಜೂನ್ ಹೊತ್ತಿಗೆ "ಚೆನ್ನಾಗಿದೆ", "ಪರವಾಗಿಲ್ಲ", "ಕೊನೆ ಚೆನ್ನಾಗಿಲ್ಲ". ಚೌಕ ಚಿಕ್ಕದಿದ್ದರೆ ಮಾತೂ ಚಿಕ್ಕದಾಗುತ್ತದೆ. ಆ ವರ್ಷ 52 ಪುಸ್ತಕ ಓದಿದೆ ಅಂತ ಶೀಟು ಖಚಿತವಾಗಿ ಹೇಳುತ್ತದೆ. ಅದರಲ್ಲಿ ಅರ್ಧದಷ್ಟು ನನಗೆ ನೆನಪಿಲ್ಲ. ಕೊಡೆ ಒಣಗಿದ್ದ ಕಥೆ ನೆನಪಿದೆ.

ಗುಡ್‌ರೀಡ್ಸ್, ಸ್ಟೋರಿಗ್ರಾಫ್, ಲೈಬ್ರರಿಥಿಂಗ್

ಮೂರೂ ಓದಿದ ಪುಸ್ತಕಗಳ ಲೆಕ್ಕ ಇಡುವ ಜಾಲತಾಣಗಳು. ಇಂಗ್ಲಿಷ್ ಥ್ರಿಲ್ಲರ್ ಹೆಚ್ಚಾಗಿ ಓದುವವರಿಗೆ ಇವು ನಿಜಕ್ಕೂ ಅನುಕೂಲ. ಹೆಸರು ಹಾಕಿದರೆ ಮುಖಪುಟ, ಪುಟಸಂಖ್ಯೆ, ಸರಣಿಯಲ್ಲಿ ಎಷ್ಟನೆಯದು ಎಲ್ಲ ಬರುತ್ತದೆ. ಸರಣಿಯ ಕ್ರಮ ಗೊತ್ತಾಗುವುದೇ ದೊಡ್ಡ ಲಾಭ. ಮೂರನೆಯದನ್ನು ಮೊದಲು ಓದಿ, ಒಂದನೆಯದರ ಗುಟ್ಟು ಅಲ್ಲೇ ಬಯಲಾದ ಸಂಕಟ ನಿಮಗೂ ಆಗಿರಬಹುದು.

ಗುಡ್‌ರೀಡ್ಸ್ 2007ರಲ್ಲಿ ಶುರುವಾದದ್ದು, 2013ರಿಂದ ಅಮೆಜಾನ್ ಕೈಯಲ್ಲಿದೆ. ಅಲ್ಲಿ ಜನ ಜಾಸ್ತಿ, ಹಾಗಾಗಿ ಗೆಳೆಯರು ಏನು ಓದುತ್ತಿದ್ದಾರೆ ಗೊತ್ತಾಗುತ್ತದೆ. ವರ್ಷಕ್ಕೆ ಇಷ್ಟು ಓದುತ್ತೇನೆ ಎಂದು ಗುರಿ ಇಟ್ಟುಕೊಳ್ಳಬಹುದು. ಇದು ಕೆಲವರನ್ನು ಹುರಿದುಂಬಿಸುತ್ತದೆ. ಇನ್ನು ಕೆಲವರು ಗುರಿ ಮುಟ್ಟಲೆಂದೇ ಡಿಸೆಂಬರಿನಲ್ಲಿ ತೆಳ್ಳನೆಯ ಪುಸ್ತಕ ಹುಡುಕುತ್ತಾರೆ. ನಿಮ್ಮ ಸ್ವಭಾವ ನೋಡಿಕೊಳ್ಳಿ. ನಕ್ಷತ್ರ ಒಂದರಿಂದ ಐದು, ಅರ್ಧ ಇಲ್ಲ. ಎಷ್ಟನೇ ಪುಟದಲ್ಲಿದ್ದೀರಿ ಎಂದು ಮಧ್ಯದಲ್ಲೇ ಒಂದು ಮಾತು ಬರೆಯಬಹುದು, ಊಹೆಗೆ ಅದು ಸರಿಯಾಗುತ್ತದೆ. ಆದರೆ ಅದು ಗೆಳೆಯರ ಕಣ್ಣಿಗೂ ಬೀಳುತ್ತದೆ. ನಿಮಗಷ್ಟೇ ಕಾಣಬೇಕಾದದ್ದನ್ನು ಖಾಸಗಿ ಟಿಪ್ಪಣಿಯ ಜಾಗದಲ್ಲಿ ಬರೆಯಿರಿ. ವಿಮರ್ಶೆಯಲ್ಲಿ ಕೊಲೆಗಾರನ ಹೆಸರು ಬರೆದರೆ ಅದನ್ನು ಮರೆಮಾಡುವ ಗುರುತು ಹಾಕಲು ಮರೆಯಬೇಡಿ.

ಸ್ಟೋರಿಗ್ರಾಫ್ 2019ರಲ್ಲಿ ನಾಡಿಯಾ ಒಡುನಾಯೊ ಶುರು ಮಾಡಿದ್ದು. ಇಂಥ ಕಾದಂಬರಿ ಓದುವವರಿಗೆ ಇದು ಗುಡ್‌ರೀಡ್ಸ್‌ಗಿಂತ ಹತ್ತಿರ ಅಂತ ನನಗೆ ಅನ್ನಿಸಿದೆ. ಪುಸ್ತಕದ ಓಟ ನಿಧಾನವೋ ಜೋರೋ, ಭಯ, ಕುತೂಹಲ, ದುಃಖ ಯಾವ ಭಾವ ಹೆಚ್ಚು, ಇದನ್ನೆಲ್ಲ ಗುರುತು ಹಾಕಬಹುದು. ನಕ್ಷತ್ರದಲ್ಲಿ ಕಾಲು ಭಾಗವನ್ನೂ ಕೊಡಬಹುದು. ಓದುತ್ತಾ ಓದುತ್ತಾ ಟಿಪ್ಪಣಿ ಬರೆಯಲು ಜರ್ನಲ್ ಇದೆ. ವರ್ಷದ ಕೊನೆಗೆ ನಿಮ್ಮ ಓದಿನ ಚಿತ್ರ ನಕ್ಷೆಯಾಗಿ ಕಾಣುತ್ತದೆ. ಗುಡ್‌ರೀಡ್ಸ್‌ನಿಂದ ಪಟ್ಟಿ ಇಳಿಸಿಕೊಂಡು ಇಲ್ಲಿಗೆ ಏರಿಸಲು ಬರುತ್ತದೆ, ಹಾಗಾಗಿ ಅಲ್ಲಿ ಇದ್ದವರು ಮೊದಲಿನಿಂದ ಬರೆಯಬೇಕಿಲ್ಲ.

ತೊಡಕು ಬರುವುದು ಕನ್ನಡ ಪುಸ್ತಕದಲ್ಲಿ. ಹೊಸ, ಹೆಸರಾದ ಕಾದಂಬರಿಗಳು ಸಿಗುತ್ತವೆ. ಆದರೆ ಒಂದೇ ಪುಸ್ತಕ ಕನ್ನಡ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಲ ಇರುವುದುಂಟು. ಹಳೇ ಪತ್ತೇದಾರಿ, ತಿಂಗಳ ಕಾದಂಬರಿ ಮಾಲೆಯಲ್ಲಿ ಬಂದದ್ದು, ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಹುಡುಕಿದರೆ ಸಿಗುವುದು ಕಡಿಮೆ. ನಾವೇ ಸೇರಿಸಬಹುದು. ಆದರೆ ಹೆಸರು, ಪ್ರಕಾಶಕರು, ಪುಟ, ಮುಖಪುಟದ ಫೋಟೋ ಅಂತ ಹತ್ತು ನಿಮಿಷ ಹೋಗುತ್ತದೆ. ನಮ್ಮ ಎರಡು ನಿಮಿಷದ ಸೂತ್ರ ಅಲ್ಲೇ ಮುರಿಯಿತು. ಹಾಗಿದ್ದರೂ ವಾರಕ್ಕೊಂದು ಹಳೇ ಕನ್ನಡ ಪುಸ್ತಕ ಹೀಗೆ ಸೇರಿಸಲು ನಿಮಗೆ ಸಮಯವಿದ್ದರೆ ದಯವಿಟ್ಟು ಸೇರಿಸಿ. ಅದು ಮುಂದೆ ಹುಡುಕುವ ಇನ್ನೊಬ್ಬ ಓದುಗರಿಗೆ ಮಾಡುವ ಉಪಕಾರ.

ಲೈಬ್ರರಿಥಿಂಗ್ 2005ರದ್ದು, ಮೂರರಲ್ಲಿ ಹಳೆಯದು. ಮೊದಲು 200 ಪುಸ್ತಕದ ಮೇಲೆ ದುಡ್ಡು ಕೊಡಬೇಕಿತ್ತು, 2020ರಿಂದ ಪೂರ್ತಿ ಪುಕ್ಕಟೆ. ಇದು ಗ್ರಂಥಾಲಯಗಳ ಪಟ್ಟಿಯಿಂದಲೇ ವಿವರ ತರುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು ಭಾರತದ ಭಾಷೆಗಳ ಪುಸ್ತಕ ಕೊಂಡುಕೊಳ್ಳುತ್ತಿದೆ. ಹೀಗಾಗಿ ಬೇರೆಡೆ ಸಿಗದ ಹಳೇ ಕನ್ನಡ ಕಾದಂಬರಿ ಒಮ್ಮೊಮ್ಮೆ ಇಲ್ಲಿ ಸಿಗುತ್ತದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ಹುಡುಕಬೇಕು. ಮನೆಯಲ್ಲಿ ಐನೂರು ಸಾವಿರ ಪುಸ್ತಕ ಇಟ್ಟುಕೊಂಡವರಿಗೆ ಇದು ಸರಿ. ಲೈಬ್ರರಿಯಿಂದ ತಂದು ಓದಿ ವಾಪಸ್ ಕೊಡುವವರಿಗೆ ಅಷ್ಟು ಬೇಕಿಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ನಮಗೆ ನಾವೇ

2022ರ ಕೊನೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ನಂಬರಿಗೆ ನಾವೇ ಮೆಸೇಜ್ ಮಾಡಬಹುದು. ಮುಖಪುಟದ ಫೋಟೋ, ಜೊತೆಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್. ವೇಗದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಕಣ್ಣು ಮಂಜಾದವರಿಗೆ, ಟೈಪ್ ಮಾಡಲು ಕಷ್ಟ ಇರುವವರಿಗೆ, ಅಡುಗೆ ಮಾಡುತ್ತಾ ಆಡಿಯೋಬುಕ್ ಕೇಳುವವರಿಗೆ ಇದೇ ದಾರಿ. ಪುಸ್ತಕ ಮುಗಿದಾಗ ನಮ್ಮ ದನಿಯಲ್ಲಿ ಇದ್ದ ಭಯ, ಖುಷಿ ಹಾಗೇ ಉಳಿಯುತ್ತದೆ. ವರ್ಷದ ನಂತರ ಕೇಳಿದರೆ ಬೆರಗಾಗುತ್ತದೆ.

ಆದರೆ ದನಿಯನ್ನು, ಫೋಟೋವನ್ನು ಹೆಸರು ಕೊಟ್ಟು ಹುಡುಕಲು ಆಗುವುದಿಲ್ಲ. ಫೋಟೋದ ಕೆಳಗೆ ಪುಸ್ತಕದ ಹೆಸರನ್ನಾದರೂ ಟೈಪ್ ಮಾಡಿ. ತಿಂಗಳಿಗೊಮ್ಮೆ ಚಾಟ್ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ.

ಯಾರಿಗೆ ಯಾವುದು

ವರ್ಷಕ್ಕೆ ಹದಿನೈದು ಇಪ್ಪತ್ತು ಪುಸ್ತಕ, ಹೆಚ್ಚಿನವು ಕನ್ನಡದವು, ಮನೆಯಲ್ಲೇ ಕೂತು ಓದುವವರಾದರೆ ನೋಟ್‌ಬುಕ್ ಸಾಕು. ಅಷ್ಟು ಕಡಿಮೆ ಪುಸ್ತಕಕ್ಕೆ ಹುಡುಕಾಟದ ತೊಂದರೆ ಇರುವುದಿಲ್ಲ, ಬರಹವೂ ತುಂಬಿಕೊಂಡು ಬರುತ್ತದೆ.

ಮೆಟ್ರೋ, ರೈಲಿನಲ್ಲಿ ಓದುತ್ತಾ ಐವತ್ತು ದಾಟಿಸುವವರು, ಹಳೇ ಪುಸ್ತಕ ಕೊಳ್ಳುವವರು ಶೀಟು ಮತ್ತು ಫಾರ್ಮ್ ಮಾಡಿಕೊಳ್ಳಿ. ಒಂದೇ ಪುಸ್ತಕ ಎರಡು ಸಲ ಕೊಳ್ಳುವುದು ತಪ್ಪಿದರೂ ಸಾಕಷ್ಟು ಉಳಿತಾಯ. ಬೆಲೆಯ ಕಾಲಂ ಕೂಡಿಸಿ ನೋಡಿದರೆ ತಿಂಗಳಿಗೆ ಎಷ್ಟು ಹೋಗುತ್ತಿದೆ ಗೊತ್ತಾಗುತ್ತದೆ. ವಿದ್ಯಾರ್ಥಿಗಳಿಗೆ ಇದು ಮುಖ್ಯ. ಸರ್ಕಾರಿ ಗ್ರಂಥಾಲಯದಿಂದ ಎಷ್ಟು ತಂದಿರಿ, ಕೊಂಡದ್ದು ಎಷ್ಟು ಎಂದು ಬೇರೆ ಮಾಡಿ ನೋಡಿ.

ಇಂಗ್ಲಿಷ್ ಸರಣಿಗಳನ್ನೇ ಜಾಸ್ತಿ ಓದುವವರು ಸ್ಟೋರಿಗ್ರಾಫ್ ಹಿಡಿಯಿರಿ. ಗೆಳೆಯರ ಬಳಗ ಈಗಾಗಲೇ ಗುಡ್‌ರೀಡ್ಸ್‌ನಲ್ಲಿದ್ದರೆ ಅಲ್ಲೇ ಇರಿ, ಬಳಗ ಬಿಟ್ಟು ಬರುವಷ್ಟು ದೊಡ್ಡ ವ್ಯತ್ಯಾಸ ಇಲ್ಲ. ವಿದೇಶದಲ್ಲಿದ್ದುಕೊಂಡು ಅಲ್ಲಿನ ಲೈಬ್ರರಿಯ ಥ್ರಿಲ್ಲರುಗಳ ಜೊತೆ ಊರಿಂದ ತಂದ ಕನ್ನಡ ಕಾದಂಬರಿ ಓದುವವರು ಎರಡನ್ನೂ ಒಂದೇ ಕಡೆ ತುರುಕಲು ಒದ್ದಾಡಬೇಡಿ. ಇಂಗ್ಲಿಷಿಗೆ ಆ್ಯಪ್, ಕನ್ನಡಕ್ಕೆ ನೋಟ್‌ಬುಕ್ ಅಂತ ಹಂಚಿಬಿಡಿ. ಹಿರಿಯರಿಗೆ ಕಟ್ಟಿಕೊಡುವುದಾದರೆ ವಾಟ್ಸ್‌ಆ್ಯಪ್, ಅಥವಾ ದೊಡ್ಡ ಗೆರೆಯ ನೋಟ್‌ಬುಕ್.

ನಾನು ಈಗ ಎರಡು ಇಟ್ಟುಕೊಂಡಿದ್ದೇನೆ. ಫಾರ್ಮಿನಲ್ಲಿ ಹೆಸರು, ಲೇಖಕರು, ಅಂಕ, ಬೆಲೆ ಮಾತ್ರ. ಊಹೆ, ಉತ್ತರ, ಆ ದಿನದ ಮಾತು ನೋಟ್‌ಬುಕ್ಕಿಗೆ. ಎರಡರಲ್ಲೂ ಒಂದೇ ವಿಷಯ ಬರೆಯುವುದಿಲ್ಲ, ಹಾಗಾಗಿ ಬೇಸರ ಆಗುವುದಿಲ್ಲ. ಅಮ್ಮನಿಗೂ ಒಂದು ನೋಟ್‌ಬುಕ್ ತಂದುಕೊಟ್ಟೆ. ಅವಳು ಪುಸ್ತಕಕ್ಕೆ ಒಂದೇ ಸಾಲು ಬರೆಯುತ್ತಾಳೆ, ಪಕ್ಕದಲ್ಲಿ ಈಗಲೂ ಪೆನ್ಸಿಲ್ ಚುಕ್ಕೆ. ಒಂದು ಚುಕ್ಕೆ ಅಂದರೆ ಓದಿದ್ದೇನೆ, ಎರಡು ಅಂದರೆ ಮತ್ತೆ ಓದುತ್ತೇನೆ.

ವರ್ಷದ ಮಧ್ಯೆ ಶುರು ಮಾಡುವವರು ಹಿಂದೆ ಓದಿದ್ದನ್ನೆಲ್ಲ ನೆನಪಿಸಿಕೊಂಡು ತುಂಬಲು ಹೋಗಬೇಡಿ. ಆ ಕೆಲಸದಲ್ಲೇ ಉತ್ಸಾಹ ಮುಗಿಯುತ್ತದೆ. ಹಳೆಯವುಗಳ ಹೆಸರನ್ನಷ್ಟೇ ಒಂದು ಪುಟದಲ್ಲಿ ಗೀಚಿಡಿ. ಈಗ ಕೈಯಲ್ಲಿರುವ ಪುಸ್ತಕ ಎಷ್ಟನೇ ಪುಟಕ್ಕೆ ಬಂದಿದೆ ನೋಡಿ, ಯಾರ ಮೇಲೆ ಅನುಮಾನ ಇದೆ ಬರೆಯಿರಿ, ಆಮೇಲೆ ಮುಂದೆ ಓದಿ.